ಮನಶ್ಶಾಸ್ತ್ರದ ವ್ಯಾಸಂಗ: ದಾರಿಯನ್ನು ತುದಿಯಿಂದ ನೋಡುವ ಬಗೆ

ಮನಶ್ಶಾಸ್ತ್ರವನ್ನು ಓದಬೇಕೆಂಬ ಆಸೆ ಈಗಿನ ತರುಣ ತರುಣಿಯರಲ್ಲಿ ಹಿಂದೆಂದಿಗಿಂತಲೂ ಹೆಚ್ಚಾಗಿ ಕಂಡುಬರುತ್ತಿದೆ. ಆಸೆ ಮೆಚ್ಚತಕ್ಕದ್ದೇ. ಆದರೆ ‘ಓದಿ ಮುಂದೆ ಏನಾಗಬೇಕೆಂದಿರುವಿರಿ?’ ಎಂದು ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಅಸ್ಪಷ್ಟ. ಮನೋವೈದ್ಯ, ಚಿಕಿತ್ಸಾ ಮನಶ್ಶಾಸ್ತ್ರಜ್ಞ, ಆಪ್ತಸಮಾಲೋಚಕ ಎಂಬ ಮೂರೂ ಒಬ್ಬನ ಹೆಸರುಗಳೇ ಎಂದು ತಿಳಿದವರು ಹಲವರು. ಹಾಗಲ್ಲ. ಮನೋವೈದ್ಯನು ಮೊದಲು ವೈದ್ಯ, ಎಂ.ಬಿ.ಬಿ.ಎಸ್. ಮುಗಿಸಿ ಅನಂತರ ಮನೋರೋಗಗಳ ವಿಷಯದಲ್ಲಿ ಸ್ನಾತಕೋತ್ತರ ಶಿಕ್ಷಣ ಪಡೆದವನು. ಔಷಧ ಬರೆಯುವ ಅಧಿಕಾರ ಅವನದು. ಚಿಕಿತ್ಸಾ ಮನಶ್ಶಾಸ್ತ್ರಜ್ಞನು ಔಷಧ ಕೊಡುವವನಲ್ಲ. ರೋಗಿಯ ಮನಸ್ಸಿನ ಸ್ಥಿತಿಯನ್ನು ಪರೀಕ್ಷೆಗಳಿಂದಲೂ ಸಂಭಾಷಣೆಯಿಂದಲೂ ಅರಿತು, ಮಾತು ಮತ್ತು ಅಭ್ಯಾಸಗಳ ಮೂಲಕ ಚಿಕಿತ್ಸೆ ನಡೆಸುವವನು. ಆಪ್ತಸಮಾಲೋಚಕನು ಶಾಲೆ, ಕಚೇರಿ, ಕುಟುಂಬಗಳ ನಿತ್ಯದ ತೊಡಕುಗಳಲ್ಲಿ ನೆರವಾಗುವವನು. (ಇಲ್ಲಿ ‘ಅವನು’ ಎಂದಿರುವಲ್ಲೆಲ್ಲ ‘ಅವಳು’ ಎಂದೂ ಓದಿಕೊಳ್ಳಬೇಕು, ಈ ಶಾಸ್ತ್ರದ ತರಗತಿಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆಯೇ ಹೆಚ್ಚು.) ಮನೋವೈದ್ಯನ ದಾರಿ ಪಿ.ಯು.ಸಿ.ಯಲ್ಲಿಯೇ ಕವಲೊಡೆಯುತ್ತದೆ, ಜೀವಶಾಸ್ತ್ರವನ್ನು ಓದದೆ ಆ ಬಾಗಿಲು ತೆರೆಯದು. ಉಳಿದ ಇಬ್ಬರ ದಾರಿ ಬಹುದೂರದವರೆಗೆ ಒಂದೇ ಆಗಿ ಸಾಗಿ, ಎಂ.ಎ. ಅಥವಾ ಎಂ.ಎಸ್ಸಿ. ಆದ ಮೇಲೆ ಬೇರೆಯಾಗುತ್ತದೆ. ಅನೇಕರು ಎಡವುವುದು ಇಲ್ಲಿಯೇ.

ಬಿ.ಎ. ಮೂರು ವರ್ಷ, ಎಂ.ಎ. ಎರಡು ವರ್ಷ, ಒಟ್ಟು ಐದು ವರ್ಷ ಮನಶ್ಶಾಸ್ತ್ರವನ್ನೇ ಓದಿದವನು ತಾನು ರೋಗಿಗಳಿಗೆ ಚಿಕಿತ್ಸೆ ಮಾಡಬಹುದೆಂದು ಭಾವಿಸುವುದು ಸಹಜ. ಕಾನೂನು ಹಾಗೆ ಹೇಳುವುದಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನ 1992ರ ಅಧಿನಿಯಮದಂತೆ ಚಿಕಿತ್ಸಾ ಮನಶ್ಶಾಸ್ತ್ರಜ್ಞನ ಹೆಸರು ಆ ಪರಿಷತ್ತಿನ ಕೇಂದ್ರ ನೋಂದಣಿ ಪುಸ್ತಕದಲ್ಲಿ ಇರಬೇಕು. ಇಲ್ಲದೆ ವೃತ್ತಿ ನಡೆಸಿದವನಿಗೆ ಒಂದು ವರ್ಷದವರೆಗೆ ಸೆರೆ, ಅಥವಾ ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ ವಿಧಿಸಬಹುದೆಂದು ಅದರಲ್ಲಿ ಬರೆದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ‘ಚಿಕಿತ್ಸಾ ಮನಶ್ಶಾಸ್ತ್ರಜ್ಞ’ ಎಂದರೆ ಯಾರು ಎಂಬುದನ್ನು ಬಿಡಿಸಿ ಹೇಳಿದೆ: ಪರಿಷತ್ತು ಒಪ್ಪಿದ ಸಂಸ್ಥೆಯಲ್ಲಿ ಆ ವಿಷಯದ ಮಾನ್ಯ ಅರ್ಹತೆಯನ್ನು ಪಡೆದವನು, ಇಲ್ಲವೆ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿಯ ಮೇಲೆ, ಹಿರಿಯರ ಮೇಲ್ವಿಚಾರಣೆಯಲ್ಲಿ ಎರಡು ವರ್ಷ ಪೂರ್ಣಕಾಲಿಕ ತರಬೇತಿಯುಳ್ಳ ಎಂ.ಫಿಲ್. ಮುಗಿಸಿದವನು. ಹದಿನೆಂಟರಲ್ಲಿ ಪಿ.ಯು.ಸಿ. ಮುಗಿಸಿದವನು ಈ ಹೊಸ್ತಿಲನ್ನು ದಾಟುವಾಗ, ಒಂದು ವರ್ಷವೂ ವ್ಯರ್ಥವಾಗದಿದ್ದರೆ, ಇಪ್ಪತ್ತೈದಾಗಿರುತ್ತದೆ. ಈ ಲೆಕ್ಕವನ್ನು ಮೊದಲೇ ಮನೆಯವರೊಡನೆ ಕುಳಿತು ಮಾಡಿಕೊಳ್ಳಬೇಕು. ಐದನೆಯ ವರ್ಷದ ಕೊನೆಗೆ ಮಾಡಿಕೊಂಡವರ ಸಂಕಟವನ್ನು ಬಲ್ಲವರೇ ಬಲ್ಲರು.

ಪುಸ್ತಕ ಓದಿದವನಿಗೆ ಮತ್ತೆರಡು ವರ್ಷ ಏತಕ್ಕೆ? ಒಂದು ಉದಾಹರಣೆಯನ್ನು ನೋಡೋಣ. ಓದಿನಲ್ಲಿ ಹಿಂದುಳಿದ ಹತ್ತು ವರ್ಷದ ಬಾಲಕನೊಬ್ಬನನ್ನು ತಾಯಿ ಕರೆತಂದಿದ್ದಾಳೆ. ಅವನ ಬುದ್ಧಿಶಕ್ತಿಯೇ ಕಡಮೆಯಿರಬಹುದು. ಬುದ್ಧಿ ಚುರುಕಾಗಿದ್ದು ಅಕ್ಷರಗಳನ್ನು ಗುರುತಿಸುವುದರಲ್ಲಿ ಮಾತ್ರ ತೊಡಕಿರಬಹುದು. ಕಿವಿ ಸರಿಯಾಗಿ ಕೇಳದಿರಬಹುದು. ಮನೆಯಲ್ಲಿ ತಂದೆಯ ಕುಡಿತದಿಂದ ರಾತ್ರಿಯ ನಿದ್ರೆಯೇ ಇಲ್ಲದಿರಬಹುದು. ನಾಲ್ಕು ಸಂದರ್ಭಗಳಲ್ಲಿಯೂ ಶಾಲೆಯ ಅಂಕಪಟ್ಟಿ ಒಂದೇ ರೀತಿಯದು. ತಾಯಿಯನ್ನು ಏನು ಕೇಳಬೇಕು, ಬಾಲಕನನ್ನು ಯಾವಾಗ ಒಬ್ಬನನ್ನೇ ಮಾತನಾಡಿಸಬೇಕು, ಯಾವ ಪರೀಕ್ಷೆಯನ್ನು ಕೊಡಬೇಕು, ಅವನು ದಣಿದಾಗ ಎಲ್ಲಿ ನಿಲ್ಲಿಸಬೇಕು—ಇವು ಪುಸ್ತಕದಲ್ಲಿ ಇದ್ದರೂ ಪುಸ್ತಕದಿಂದ ಬರುವುದಿಲ್ಲ. ಶಿಷ್ಯನು ಪರೀಕ್ಷಿಸಿ ತನ್ನ ತೀರ್ಮಾನವನ್ನು ಬರೆಯುತ್ತಾನೆ; ಹಿರಿಯನು ಅದನ್ನು ಓದಿ, ‘ಮಗು ಬೆಳಗಿನ ತಿಂಡಿ ತಿಂದಿತ್ತೇ ಎಂದು ಕೇಳಿದೆಯಾ?’ ಎನ್ನುತ್ತಾನೆ. ಇಂಥ ನೂರಾರು ಪ್ರಶ್ನೆಗಳನ್ನು ಎದುರಿಸುವುದೇ ಆ ಎರಡು ವರ್ಷಗಳ ಶಿಕ್ಷಣ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇಂಥ ತರಬೇತಿಗೆ ನಮ್ಮ ದೇಶದಲ್ಲಿ ಅಡಿಪಾಯ ಹಾಕಿದವುಗಳಲ್ಲಿ ಮುಖ್ಯವಾದುದು. 1974ರಲ್ಲಿ ಅದು ಅಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು.

ಈಗ ಈ ಹೊಸ್ತಿಲಿನ ಹೆಸರೇ ಬದಲಾಗುತ್ತಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು, ಚಿಕಿತ್ಸಾ ಮನಶ್ಶಾಸ್ತ್ರಕ್ಕೆ ವಿನಾಯಿತಿ ಕೊಟ್ಟು, 2025–26ರವರೆಗೆ ಪ್ರವೇಶಕ್ಕೆ ಅವಕಾಶ ನೀಡಿತು. ಅದರ ಸ್ಥಾನವನ್ನು ತುಂಬಲು ಪುನರ್ವಸತಿ ಪರಿಷತ್ತು ಬೇರೆ ಹೆಸರಿನ ವ್ಯಾಸಂಗಕ್ರಮಗಳನ್ನು ರೂಪಿಸುತ್ತಿದೆ. ಆದ್ದರಿಂದ ವಿದ್ಯಾರ್ಥಿ ಪದವಿಯ ಹೆಸರಿಗೆ ಮರುಳಾಗಬಾರದು. ‘ಚಿಕಿತ್ಸಾ’ ಎಂಬ ಮಾತು ಸೇರಿದ ಎಂ.ಎಸ್ಸಿ.ಗಳು ಅನೇಕವಿವೆ, ಅವೆಲ್ಲವೂ ನೋಂದಣಿಗೆ ಸಲ್ಲುವುದಿಲ್ಲ. ಶುಲ್ಕ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಈ ಸಂಸ್ಥೆಯ ಈ ವ್ಯಾಸಂಗ, ನಾನು ಸೇರುವ ಈ ವರ್ಷದಲ್ಲಿ, ಪರಿಷತ್ತಿನ ಪಟ್ಟಿಯಲ್ಲಿದೆಯೇ? ಉತ್ತರವನ್ನು ಕಾಲೇಜಿನ ಕರಪತ್ರದಲ್ಲಿ ಹುಡುಕದೆ ಪಟ್ಟಿಯಲ್ಲಿಯೇ ನೋಡತಕ್ಕದ್ದು. ಇನ್ನೊಂದು ಎಚ್ಚರಿಕೆ: ಅಂಚೆ ಮತ್ತು ಅಂತರ್ಜಾಲದ ಮೂಲಕ ಮನಶ್ಶಾಸ್ತ್ರವನ್ನು ಬೋಧಿಸುವುದನ್ನು ಆಯೋಗವು 2025ರ ಜುಲೈ–ಆಗಸ್ಟ್ ಪ್ರವೇಶದಿಂದ ನಿಷೇಧಿಸಿದೆ. ಕೆಲಸ ಮಾಡುತ್ತಲೇ ಓದುತ್ತಿದ್ದ ಬಡ ವಿದ್ಯಾರ್ಥಿಗಳಿಗೆ ಇದರಿಂದ ಕಷ್ಟವಾದದ್ದು ನಿಜ. ಅವರ ವಿಷಯವನ್ನು ಯಾರೂ ಸಾಕಷ್ಟು ಯೋಚಿಸಿದಂತೆ ಕಾಣುವುದಿಲ್ಲ.

ತುದಿಯನ್ನು ನೋಡಿದ್ದಾಯಿತು, ಇನ್ನು ಮೊದಲಿಗೆ ಬರೋಣ. ಮನಶ್ಶಾಸ್ತ್ರದ ಬಿ.ಎ.ಗೆ ಪಿ.ಯು.ಸಿ.ಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದ್ದರೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಗಣಿತಕ್ಕೆ ಹೆದರಿ ಈ ಶಾಸ್ತ್ರಕ್ಕೆ ಬಂದವನು ಸಂಖ್ಯಾಶಾಸ್ತ್ರದ ಕೈಗೆ ಸಿಕ್ಕಿಬೀಳುತ್ತಾನೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಈ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನನ ಬಳಿ ಕಲಿತುಬಂದವರು. ಆ ಸ್ಪಿಯರ್‌ಮನ್ನನು ಬುದ್ಧಿಶಕ್ತಿಯನ್ನು ಅರಿಯಲು ಗಣಿತವನ್ನೇ ಹೊಸದಾಗಿ ಬೆಳೆಸಿದವನು. (1935ರಲ್ಲಿ ತಮ್ಮ ಮನೆಯಲ್ಲಿಯೇ ರೇಡಿಯೋ ಕೇಂದ್ರವನ್ನು ತೆರೆದು ‘ಆಕಾಶವಾಣಿ’ಯನ್ನು ಕೇಳಿಸಿದವರೂ ಈ ಗೋಪಾಲಸ್ವಾಮಿಯವರೇ.) ಸಂಖ್ಯಾಶಾಸ್ತ್ರ ಬೇಕಾದದ್ದು ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಕ್ಕಷ್ಟೇ ಅಲ್ಲ. ನಮ್ಮ ಬಾಲಕನ ಬುದ್ಧಿಲಬ್ಧ 68 ಬಂದಿತೆನ್ನಿ. ಬುದ್ಧಿಮಾಂದ್ಯವನ್ನು ಗುರುತಿಸುವಾಗ 70ರ ಸುಮಾರಿಗೆ ಗೆರೆ ಎಳೆಯುವುದು ವಾಡಿಕೆ. ಆದರೆ ಯಾವ ಅಳತೆಯಲ್ಲಿಯೂ ಕೆಲವು ಅಂಕಗಳ ದೋಷ ಇದ್ದೇ ಇರುತ್ತದೆ. ಇನ್ನೊಂದು ದಿನ ಅದೇ ಮಗು 73 ಪಡೆಯಬಹುದು. ಈ ದೋಷದ ಲೆಕ್ಕವನ್ನು ಅರಿಯದವನು ಒಂದು ಮಗುವಿನ ಹಣೆಯ ಮೇಲೆ ಜೀವಮಾನವಿಡೀ ಅಳಿಸದ ಅಕ್ಷರ ಬರೆದುಬಿಡುತ್ತಾನೆ.

ಪದವಿಯಲ್ಲಿ ಉತ್ತಮ ಅಂಕಗಳೂ ಅವಶ್ಯಕ. ಎಂ.ಫಿಲ್. ಪ್ರವೇಶಕ್ಕೆ ಎಂ.ಎ.ಯಲ್ಲಿ ನೂರಕ್ಕೆ 55 ಬೇಕೆಂಬುದು ನಿಯಮವಾಗಿತ್ತು. ಅದರ ಮೇಲೆ ಪ್ರವೇಶ ಪರೀಕ್ಷೆ. ಸ್ಥಾನಗಳೋ ಬಹಳ ಕಡಮೆ. ಒಂದೆರಡು ಸಲ ಸೋಲುವುದು ಅವಮಾನವೇನಲ್ಲ. ಚಿಕಿತ್ಸೆಯೊಂದೇ ಈ ಶಾಸ್ತ್ರದ ಉದ್ಯೋಗವೂ ಅಲ್ಲ: ಕಾರ್ಖಾನೆ ಮತ್ತು ಕಚೇರಿಗಳಲ್ಲಿ ನೌಕರರ ಆಯ್ಕೆ, ಶಾಲೆಗಳಲ್ಲಿ ಸಮಾಲೋಚನೆ, ಸೇನೆಯ ಆಯ್ಕೆ ಮಂಡಲಿಗಳಲ್ಲಿ ಅಭ್ಯರ್ಥಿಗಳ ಪರೀಕ್ಷೆ, ಕಾಲೇಜುಗಳಲ್ಲಿ ಬೋಧನೆ. ಕಾಲೇಜಿನಲ್ಲಿ ಬೋಧಿಸಬಯಸುವವನು ರಾಷ್ಟ್ರೀಯ ಅಥವಾ ರಾಜ್ಯದ ಅರ್ಹತಾ ಪರೀಕ್ಷೆಯತ್ತಲೂ ಪಿಎಚ್.ಡಿ.ಯತ್ತಲೂ ಗಮನವಿಡಬೇಕು.

ಕೊನೆಯದಾಗಿ ಭಾಷೆಯ ವಿಷಯ. ಉನ್ನತ ವ್ಯಾಸಂಗ ಬಹುತೇಕ ಇಂಗ್ಲಿಷಿನಲ್ಲಿ ನಡೆಯುವುದರಿಂದ ಕನ್ನಡ ಮಾಧ್ಯಮದಿಂದ ಬಂದವರು ಅಳುಕುವುದುಂಟು. ಇಂಗ್ಲಿಷನ್ನು ಅವರು ಕಲಿಯಲೇಬೇಕು. ಆದರೆ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ಬೇರೆ ಬೇರೆ ಮನೋರೋಗಗಳಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ ನೂರಕ್ಕೆ 70ರಿಂದ 92ರಷ್ಟಿತ್ತು. ಇವರಲ್ಲಿ ಇಂಗ್ಲಿಷಿನಲ್ಲಿ ಅಳಲು ತೋಡಿಕೊಳ್ಳಬಲ್ಲವರು ಎಷ್ಟು ಮಂದಿ? ‘ಎದೆ ಭಾರ’, ‘ಜೀವಕ್ಕೆ ಬೇಜಾರು’, ‘ತಲೆಯಲ್ಲಿ ಏನೋ ಹರಿದಂತೆ’ ಎನ್ನುವ ಹಳ್ಳಿಯ ಹೆಂಗಸಿನ ಮಾತಿನಲ್ಲಿ ಯಾವುದು ಖಿನ್ನತೆ, ಯಾವುದು ಭಯ, ಯಾವುದು ಬರಿಯ ದಣಿವು ಎಂದು ವಿಂಗಡಿಸಲು ಆ ಮಾತಿನೊಳಗೆ ಬೆಳೆದವನಿಗೆ ಹೆಚ್ಚು ಅನುಕೂಲ. ಪರೀಕ್ಷೆಗಳ ವಿಷಯದಲ್ಲಿಯೂ ಹಾಗೆಯೇ. ಫ್ರಾನ್ಸಿನ ಬಿನೆ ರಚಿಸಿದ ಬುದ್ಧಿಪರೀಕ್ಷೆಯನ್ನು ವಿ. ವಿ. ಕಾಮತರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆಂದು ಪರಿಷ್ಕರಿಸಿದರು. ಬಿನೆ–ಕಾಮತ್ ಎಂಬ ಹೆಸರಿನ ಆ ಪರೀಕ್ಷೆಯನ್ನು ನಮ್ಮ ಆಸ್ಪತ್ರೆಗಳಲ್ಲಿ ಈಚಿನವರೆಗೂ ಬಳಸಿದ್ದಾರೆ. ಅಂದಿನ ಮಕ್ಕಳು ಕಂಡ ಲೋಕ ಬೇರೆ, ಇಂದಿನವರದು ಬೇರೆ. ಕನ್ನಡದ ಮಕ್ಕಳಿಗಾಗಿ ಹೊಸ ಅಳತೆಗಳನ್ನು ಸಿದ್ಧಪಡಿಸುವ ಕೆಲಸ, ಸಂಖ್ಯಾಶಾಸ್ತ್ರವನ್ನೂ ಕನ್ನಡವನ್ನೂ ಚೆನ್ನಾಗಿ ಬಲ್ಲವರಿಗಾಗಿ ಕಾದಿದೆ.