ಶ್ವಾಸಕೋಶದ ನಾರುಗಟ್ಟುವಿಕೆ: ರಕ್ತದಲ್ಲಿ ಸಿಗುವ ಸುಳಿವು

ಗೋರಂಟ್ಲ, ಪೆನುಕೊಂಡ ಪರಿಸರದ ಬೆಟ್ಟಗಳು ಗ್ರಾನೈಟ್ ಜಾತಿಯ ಶಿಲೆಗಳಿಂದಾದವು. ಈ ಶಿಲೆಗಳಲ್ಲಿ ಬೆಣಚುಕಲ್ಲಿನ ಅಂಶ, ಅಂದರೆ ಸಿಲಿಕಾ, ಗಣನೀಯವಾಗಿದೆ. ಕಲ್ಲು ಕೊರೆಯುವಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದ ಕಣಗಳೇ ಹೆಚ್ಚು ಅಪಾಯಕಾರಿ. ಅವು ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅವನ್ನು ನುಂಗಿದ ರಕ್ಷಕ ಕೋಶಗಳು ತಾವೇ ಸಾಯುತ್ತವೆ. ಅದರಿಂದುಂಟಾದ ಉರಿಯೂತದ ಫಲವಾಗಿ ಕೊಲಾಜನ್ ಎಂಬ ನಾರು ಶೇಖರಗೊಂಡು, ಮೃದುವಾದ ಅಂಗಾಂಶವು ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಹೀಗೆ ಕಟ್ಟಿದ ನಾರು ಮತ್ತೆ ಕರಗುವುದಿಲ್ಲ. ಭಾರತದಲ್ಲಿ ಈ ರೋಗವು ಮೊದಲು ವರದಿಯಾದದ್ದು 1947ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ.

ಪಾಠದ ಆರಂಭದಲ್ಲಿ ಶಿಕ್ಷಕರು ಎರಡು ಸ್ಪಂಜಿನ ತುಂಡುಗಳನ್ನು ತೋರಿಸಬಹುದು. ಒಂದನ್ನು ಹಿಂದಿನ ದಿನವೇ ಅಂಟಿನಲ್ಲಿ ಅದ್ದಿ ಒಣಗಿಸಿರಬೇಕು. ಎರಡನ್ನೂ ಹಿಂಡಿ ನೋಡಿದ ಮಗುವಿಗೆ ನಾರುಗಟ್ಟುವಿಕೆಯ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ.

ಎಕ್ಸ್-ರೇ ಚಿತ್ರವು ಕಲೆ ಕಟ್ಟಿದ ಮೇಲಷ್ಟೇ ರೋಗವನ್ನು ತೋರಿಸುತ್ತದೆ. ಅದಕ್ಕೂ ಮೊದಲೇ ತಿಳಿಯುವ ಬಗೆ ಹೇಗೆ? ಕಿರುಶ್ವಾಸನಾಳಗಳ ಒಳಪದರದಲ್ಲಿರುವ ಕ್ಲಬ್ ಕೋಶಗಳು ಸಿಸಿ-16 ಎಂಬ ಪ್ರೋಟೀನನ್ನು ಸ್ರವಿಸುತ್ತವೆ. ಅದರ ಸ್ವಲ್ಪ ಭಾಗ ರಕ್ತಕ್ಕೂ ಸೇರುತ್ತದೆ. ಸಿಲಿಕಾ ಧೂಳು ಈ ಕೋಶಗಳನ್ನು ಹಾಳುಮಾಡಿದಾಗ ರಕ್ತದಲ್ಲಿ ಆ ಪ್ರೋಟೀನು ಇಳಿಯುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಇದನ್ನೇ ಆಧರಿಸಿ ಪರೀಕ್ಷಾವಿಧಾನವೊಂದನ್ನು ರೂಪಿಸಿದೆ.

ಮಕ್ಕಳು ಎಡವುವುದು ಇಲ್ಲಿಯೇ. ರೋಗ ಬಂದರೆ ರಕ್ತದಲ್ಲಿ ಏನಾದರೂ ಹೆಚ್ಚಬೇಕೆಂದು ಅವರು ಭಾವಿಸುತ್ತಾರೆ. ಸಕ್ಕರೆ ಕಾಯಿಲೆಯ ಮಾತು ಮನೆಯಲ್ಲಿ ಕೇಳಿ ಬಂದಿರುವುದರಿಂದ ಅದು ಸಹಜ. ಊರಿನ ಡೈರಿಯ ಕ್ಯಾನಿನಲ್ಲಿ ಹಾಲು ಇಳಿದರೆ, ಯಾವ ಕೊಟ್ಟಿಗೆಗೂ ಹೋಗದೆಯೇ ಹಸುಗಳಿಗೆ ಏನೋ ಆಗಿದೆಯೆಂದು ಊಹಿಸಬಹುದಲ್ಲವೇ? ಸಿಸಿ-16 ಅಂಥ ಹಾಲು. ಆದರೆ ಹಾಲು ಇಳಿಯಲು ಮೇವಿನ ಕೊರತೆಯೂ ಕಾರಣವಾಗಬಹುದು. ಹಾಗೆಯೇ ಬೀಡಿ, ಸಿಗರೇಟು ಸೇದುವವರಲ್ಲಿಯೂ ಈ ಪ್ರೋಟೀನು ಇಳಿಯುತ್ತದೆ. ಮೂತ್ರಪಿಂಡ ಕೆಟ್ಟವರಲ್ಲಿ ಅದು ರಕ್ತದಲ್ಲಿಯೇ ಉಳಿದು ಏರುತ್ತದೆ. ಆದ್ದರಿಂದ ಇದು ಸುಳಿವೇ ಹೊರತು ತೀರ್ಪಲ್ಲ; ಎಕ್ಸ್-ರೇ ಹಾಗೂ ದುಡಿಮೆಯ ವಿವರ ಜೊತೆಗಿರಲೇಬೇಕು.

ತರಗತಿಯಲ್ಲಿ ಕಲ್ಲುಕೆಲಸದವರ ಮಕ್ಕಳಿರಬಹುದು. ತಂದೆಯ ಕೆಮ್ಮನ್ನು ಕುರಿತು ಯಾವ ಮಗುವನ್ನೂ ಎಲ್ಲರೆದುರು ಪ್ರಶ್ನಿಸಕೂಡದು. ಕಲ್ಲಿಗೆ ನೀರು ಹಾಯಿಸಿ ಕೊರೆದರೆ ಧೂಳು ಕುಗ್ಗುತ್ತದೆಂಬುದನ್ನು ಮಾತ್ರ ಒತ್ತಿ ಹೇಳಬೇಕು. ಆ ಮಾತು ಮನೆಗೆ ತಲುಪುತ್ತದೆ.

ಸೀಮೆಸುಣ್ಣದ ಪುಡಿಯಿಂದಲೂ ಹೀಗಾಗುವುದೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಸೀಮೆಸುಣ್ಣವು ಸಾಮಾನ್ಯವಾಗಿ ಜಿಪ್ಸಮ್ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಸಿಲಿಕಾ ಅಲ್ಲ. ಆದರೆ ಮಧ್ಯಪ್ರದೇಶದ ಮಂದಸೌರಿನಲ್ಲಿ ಸ್ಲೇಟಿನ ಕಡ್ಡಿ ಕೊಯ್ಯುತ್ತಿದ್ದ ಕಾರ್ಮಿಕರನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು.