ಆಟಗಾರರೇ ನಡೆಸುವ ಮಾಯಾಲೋಕ: ಕಟ್ಟುವವರಿಗೆ ಎಂಟು ಸೂತ್ರಗಳು

ಮಾಂತ್ರಿಕರು, ಡ್ರ್ಯಾಗನ್‌ಗಳು, ಕೋಟೆಗಳು ತುಂಬಿದ ಆನ್‌ಲೈನ್ ಗೇಮ್ ಮಾಡಲು ಹೊರಟವರು ಮೊದಲು ಬರೆಯುವುದು ರಾಜವಂಶದ ಚರಿತ್ರೆಯನ್ನು. ಸಾವಿರ ವರ್ಷದ ಯುದ್ಧ, ಶಾಪ, ಕಳೆದುಹೋದ ಖಡ್ಗ. ಬರೆಯಿರಿ, ತಪ್ಪಿಲ್ಲ. ಆದರೆ ಲೋಕವನ್ನು ಆಟಗಾರರೇ ನಡೆಸಬೇಕು ಎಂದಿದ್ದರೆ ನಿಮ್ಮ ನಿಜವಾದ ಕೆಲಸ ಬೇರೆಯೇ ಇದೆ: ಒಬ್ಬ ಮಾಡಿದ್ದು ಅಲ್ಲಿ ಉಳಿಯಬೇಕು, ಇನ್ನೊಬ್ಬನಿಗೆ ತಟ್ಟಬೇಕು. ಅದಕ್ಕೆ ಬೇಕಾದ ನಿಯಮಗಳನ್ನು ರೂಪಿಸಬೇಕು.

1. ಕಥೆಯ ಕೊನೆಯನ್ನು ನೀವೇ ಬರೆದಿಡಬೇಡಿ.
1999ರಲ್ಲಿ ಬಂದ ‘ಆಶೆರಾನ್ಸ್ ಕಾಲ್’ ಆಟದಲ್ಲಿ ಬೇಲ್‌ಜರಾನ್ ಎಂಬ ದುಷ್ಟಶಕ್ತಿ ಸ್ಫಟಿಕಗಳ ಬಲದಿಂದ ಸೆರೆಯಲ್ಲಿತ್ತು. ಆಟಗಾರರು ಸ್ಫಟಿಕಗಳನ್ನು ಒಡೆಯುತ್ತಾರೆ, ಆ ಶಕ್ತಿ ಹೊರಗೆ ಬರುತ್ತದೆ, ಕಥೆ ಮುಂದೆ ಸಾಗುತ್ತದೆ. ಇದು ಆಟ ಕಟ್ಟಿದ ಟರ್ಬೈನ್ ಕಂಪನಿಯ ಲೆಕ್ಕ. ಥಿಸಲ್‌ಡೌನ್ ಎಂಬ ಸರ್ವರ್‌ನಲ್ಲಿ ಮಾತ್ರ ಒಂದು ಗುಂಪು ಕೊನೆಯ ಸ್ಫಟಿಕದ ಸುತ್ತ ಕಾವಲು ನಿಂತಿತು. ಒಡೆಯಲು ಬಂದವರನ್ನೆಲ್ಲ ಹೊಡೆದಟ್ಟಿತು. ಕಥೆ ನಿಂತೇಹೋಯಿತು. ಕೊನೆಗೆ ಕಂಪನಿಯವರೇ ಬಲಾಢ್ಯ ಪಾತ್ರಗಳ ವೇಷದಲ್ಲಿ ಒಳಗೆ ಇಳಿದು ಕಾವಲುಗಾರರನ್ನು ಕೆಡವಬೇಕಾಯಿತು. ಆಮೇಲೆ ಆ ಕಾವಲುಗಾರರಿಗೆ ಆಟದೊಳಗೇ ಸ್ಮಾರಕ ಎದ್ದಿತು. ಕಂಪನಿ ಬರೆದ ಕಥೆಗಿಂತ ಸೋತವರ ಈ ಕಥೆಯೇ ದೊಡ್ಡದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪ್ರತಿ ದೊಡ್ಡ ಘಟನೆಗೂ ‘ಜನ ಇದಕ್ಕೆ ಒಪ್ಪದಿದ್ದರೆ?’ ಎಂದು ಕೇಳಿಕೊಂಡು ಎರಡನೇ ದಾರಿಯನ್ನೂ ಸಿದ್ಧವಾಗಿಡಿ. ಥಿಸಲ್‌ಡೌನ್‌ನಂಥ ಕಾವಲು ನಿಮ್ಮ ಆಟದಲ್ಲಿ ನಿಂತರೆ, ಅದು ಗೆಲ್ಲಲು ಬಿಡಿ.

2. ಯಾರು ಯಾತಕ್ಕೆ ಬರುತ್ತಾರೆ, ತಿಳಿದಿರಿ.
ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಶುರುಮಾಡಿದ ‘ಮಡ್’ ಬರೀ ಅಕ್ಷರಗಳ ಆಟ. ಅದನ್ನು ಜೊತೆಗೂಡಿ ಬೆಳೆಸಿದ ರಿಚರ್ಡ್ ಬಾರ್ಟಲ್ 1996ರ ಲೇಖನವೊಂದರಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಸಾಧಿಸಲು ಬರುವವರು, ಮೂಲೆಮೂಲೆ ಹುಡುಕುವವರು, ಮಾತು-ಸ್ನೇಹಕ್ಕೆ ಬರುವವರು, ಇನ್ನೊಬ್ಬರ ಮೇಲೆ ಬೀಳುವವರು. ಒಂದು ಬಗೆ ಅತಿಯಾದರೆ ಇನ್ನೊಂದು ಕಾಲ್ತೆಗೆಯುತ್ತದೆ. ನಾಲ್ವರಿಗೂ ನಿಮ್ಮ ಲೋಕದಲ್ಲಿ ದಿನಕ್ಕೊಂದು ಕೆಲಸ ಇದೆಯೇ? ಹಾಳೆಯ ಮೇಲೆ ಬರೆದು ನೋಡಿ.

3. ಚಿಕ್ಕದಾಗಿ ತೆರೆಯಿರಿ.
ಒಂದು ಊರು, ಒಂದು ಗಣಿ, ಒಂದು ಕಾಡು ಸಾಕು. ಇನ್ನೂರು ಜನರನ್ನು ನಲವತ್ತು ಊರುಗಳಿಗೆ ಚದುರಿಸಿದರೆ ಯಾರಿಗೆ ಯಾರೂ ಸಿಗುವುದಿಲ್ಲ.

4. ಕತ್ತಿ ಕಮ್ಮಾರನ ಕೈಯಿಂದಲೇ ಬರಲಿ.
ರಾಕ್ಷಸನನ್ನು ಕೊಂದ ಕೂಡಲೇ ಒಳ್ಳೆಯ ಖಡ್ಗ ಉದುರುವ ಆಟದಲ್ಲಿ ಕಮ್ಮಾರನಿಗೆ ಗಿರಾಕಿ ಇರುವುದಿಲ್ಲ. 2017ರ ‘ಅಲ್ಬಿಯನ್ ಆನ್‌ಲೈನ್’ ಇದನ್ನು ಅರಿತು ಆಯುಧ, ಕವಚಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ಆಟಗಾರರ ಕೈಗೆ ಬಿಟ್ಟಿತು. ಅದಿರು ಅಗೆಯುವವನು, ಕರಗಿಸುವವನು, ಸಾಗಿಸುವವನು, ಅವನಿಗೆ ಬೆಂಗಾವಲು ಹೋಗುವವನು, ದಾರಿಯಲ್ಲಿ ಹೊಂಚು ಹಾಕುವವನು: ಒಂದೇ ನಿಯಮದಿಂದ ಇಷ್ಟು ಪಾತ್ರಗಳು ತಾವಾಗಿಯೇ ಹುಟ್ಟುತ್ತವೆ. ಒಬ್ಬೊಬ್ಬನಿಗೂ ನೀವು ಕ್ವೆಸ್ಟ್ ಬರೆಯಬೇಕಿಲ್ಲ.

5. ಹುಟ್ಟಿದ ವಸ್ತು ಸವೆಯಲಿ, ಹಣ ಹೊರಗೂ ಹೋಗಲಿ.
1997ರ ‘ಅಲ್ಟಿಮಾ ಆನ್‌ಲೈನ್’ ಮೊದಮೊದಲು ಲೋಕದ ಒಟ್ಟು ಸಂಪತ್ತಿಗೆ ಮಿತಿ ಹಾಕಿತ್ತು. ಬಳಸಿದ್ದು ತಿರುಗಿ ನೆಲಕ್ಕೆ ಸೇರಿದರೆ ಮಾತ್ರ ಹೊಸದು ಹುಟ್ಟಬೇಕು. ಜನ ಸಿಕ್ಕಿದ್ದನ್ನೆಲ್ಲ ಪೆಟ್ಟಿಗೆಯಲ್ಲಿ ಕೂಡಿಟ್ಟರು, ಹೊಸದು ಹುಟ್ಟುವುದು ನಿಂತಿತು, ಆ ಲೆಕ್ಕ ಕೈಬಿಡಬೇಕಾಯಿತು. ಕೂಡಿಡುವುದು ಮನುಷ್ಯರ ಸ್ವಭಾವ, ಅದನ್ನು ಒಪ್ಪಿಕೊಂಡೇ ಲೆಕ್ಕ ಹಾಕಿ. ‘ಅಲ್ಬಿಯನ್’ನ ಅಪಾಯದ ಸೀಮೆಯಲ್ಲಿ ಸತ್ತವನ ಸಾಮಾನಿನಲ್ಲಿ ಒಂದಷ್ಟು ನಾಶವೇ ಆಗುತ್ತದೆ. ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ 2021ರಿಂದ ತನ್ನ ಮಾರುಕಟ್ಟೆಯ ಮಾರಾಟಕ್ಕೆ ತೆರಿಗೆ ಹಾಕಿ ನಾಣ್ಯಗಳನ್ನು ಚಲಾವಣೆಯಿಂದ ಹೊರಗೆ ಎಳೆಯುತ್ತಿದೆ. ಇಂದು ಎಷ್ಟು ಚಿನ್ನ ಹುಟ್ಟಿತು, ಎಷ್ಟು ಅಳಿಯಿತು? ಈ ಎರಡು ಅಂಕಿ ಮೊದಲ ದಿನದಿಂದಲೇ ನಿಮ್ಮ ಕಣ್ಣೆದುರು ಇರಲಿ.

6. ಆಟಗಾರನ ಕಣ್ಣಿಗೆ ಬೀಳದ ಜಾಣತನಕ್ಕೆ ತಿಂಗಳುಗಟ್ಟಲೆ ಸುರಿಯಬೇಡಿ.
‘ಅಲ್ಟಿಮಾ’ ತಂಡ ಇಡೀ ಒಂದು ಆಹಾರ ಸರಪಳಿ ಕಟ್ಟಿತ್ತು: ಮೊಲಕ್ಕೆ ಹುಲ್ಲು, ತೋಳಕ್ಕೆ ಮೊಲ. ಸುಂದರ ಕಲ್ಪನೆ. ಆದರೆ ಒಳಗೆ ಬಂದ ಜನ ಕಂಡಕಂಡ ಪ್ರಾಣಿಯನ್ನೆಲ್ಲ ಕೊಲ್ಲುತ್ತಾ ಹೋದ ವೇಗಕ್ಕೆ ಸರಪಳಿ ಇದೆಯೆಂದೇ ಯಾರಿಗೂ ಗೊತ್ತಾಗಲಿಲ್ಲ. ಅದನ್ನು ತೆಗೆದುಹಾಕಿದರು.

7. ಕೊಲೆ ನಿಷೇಧಿಸಬೇಡಿ, ದುಬಾರಿಯಾಗಿಸಿ.
ಅದೇ ಆಟದಲ್ಲಿ ಹೊಸಬರು ಊರಾಚೆ ಕಾಲಿಟ್ಟರೆ ಹೆಣವಾಗುತ್ತಿದ್ದರು. 2000ದಲ್ಲಿ ಲೋಕವನ್ನೇ ಎರಡು ಮಾಡಲಾಯಿತು: ಕೊಲೆಗೆ ಅವಕಾಶವಿಲ್ಲದ ಟ್ರಾಮೆಲ್, ಹಳೆಯ ರೀತಿಯ ಫೆಲಕ್ಕ. ಬಹುಪಾಲು ಜನ ಟ್ರಾಮೆಲ್‌ಗೆ ಹೋದರು. ವ್ಯಾಪಾರದ ದೃಷ್ಟಿಯಿಂದ ಸರಿಯಾದ ತೀರ್ಮಾನವೇ. ಆದರೂ ಕಳ್ಳರ ಭಯವಿದ್ದಾಗ ಬೆಂಗಾವಲಿಗೆ ಇದ್ದ ಬೆಲೆ ಅಲ್ಲಿ ಹೋಯಿತು, ಅದು ನಷ್ಟ. ಗೋಡೆಯ ಬದಲು ಇಳಿಜಾರು ಮಾಡಿ: ಊರಿನಲ್ಲಿ ಪೂರ್ಣ ರಕ್ಷಣೆ, ಹೆದ್ದಾರಿಯಲ್ಲಿ ಅರ್ಧ, ಚಿನ್ನದ ಗಣಿಯಲ್ಲಿ ಏನೂ ಇಲ್ಲ. ಕೊಂದವನ ಹೆಸರು ಎಲ್ಲರಿಗೂ ಕಾಣಲಿ, ಅವನಿಗೆ ಅಂಗಡಿ ಬಾಗಿಲು ಮುಚ್ಚಲಿ, ಅವನ ತಲೆಗೆ ಆಟಗಾರರೇ ಬಹುಮಾನ ಕಟ್ಟಲಿ.

8. ಬದಲಾವಣೆಗೆ ಮುಂಚೆ ಮತ ಹಾಕಿಸಿ.
2013ರಲ್ಲಿ ಶುರುವಾದ ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ನಲ್ಲಿ ಹೊಸ ಅಂಶಗಳನ್ನು ಆಟಗಾರರ ಮತಕ್ಕೆ ಇಡುತ್ತಾರೆ. ಮೊದಲು ಶೇ. 75 ಒಪ್ಪಿಗೆ ಬೇಕಿತ್ತು, ಆಮೇಲೆ ಶೇ. 70ಕ್ಕೆ ಇಳಿಸಿದರು. ಬರೀ ಬಹುಮತ ಸಾಲದು, ಏಕೆಂದರೆ ಸೋತ ಅರ್ಧದಷ್ಟು ಜನ ಆಟವನ್ನೇ ಬಿಟ್ಟುಹೋಗಬಹುದು. ಮೋಸದ ಸಾಫ್ಟ್‌ವೇರ್, ಕಿರುಕುಳ, ಭದ್ರತೆಯ ವಿಷಯಗಳನ್ನು ಮಾತ್ರ ಮತಕ್ಕೆ ಹಾಕಬೇಡಿ, ಅಲ್ಲಿ ತೀರ್ಮಾನ ನಿಮ್ಮದೇ. ಉಳಿದಂತೆ ಸೋತ ಪ್ರಸ್ತಾವವನ್ನು ಹೆಸರು ಬದಲಿಸಿ ಹಿಂಬಾಗಿಲಿನಿಂದ ತರಬೇಡಿ. ಹಾಗೆ ಒಮ್ಮೆ ಮಾಡಿದರೆ ಮುಂದಿನ ಮತದಾನಕ್ಕೆ ಯಾರೂ ಬರುವುದಿಲ್ಲ.