ದೂರದ ಭಂಡಾರದಲ್ಲಿ ನಮ್ಮೂರ ಅಳಿವೆ

(ಅಂತಿಮ ಬಿ.ಎ. ವಿದ್ಯಾರ್ಥಿ)

ತನ್ನ ಊರನ್ನು ಅರಿಯದವನು ಲೋಕವನ್ನು ಅರಿಯಲಾರನೆಂದು ಹಿರಿಯರು ಹೇಳುತ್ತಾರೆ. ಊರನ್ನು ಅರಿಯುವುದೆಂದರೆ ಇಂದಿನ ಬೀದಿ, ಬಂದರು, ಪೇಟೆಗಳನ್ನು ಬಲ್ಲೆನೆಂಬುದಷ್ಟೇ ಅಲ್ಲ. ಇನ್ನೂರು ವರ್ಷಗಳ ಹಿಂದೆ ಅದನ್ನು ಯಾರು, ಯಾವ ಕಣ್ಣಿನಿಂದ ಕಂಡರು ಎಂಬುದನ್ನೂ ತಿಳಿಯುವುದು. ಗಂಗೊಳ್ಳಿಯಂತಹ ಊರಿನವರಿಗೆ ಇದು ಸುಲಭಸಾಧ್ಯವಲ್ಲ. ನಮ್ಮಲ್ಲಿ ಅರಮನೆಯಿಲ್ಲ, ಕಡತಗಳ ಭಂಡಾರವಿಲ್ಲ. ನಮ್ಮ ಮನೆಯಲ್ಲಿಯಂತೂ ನನ್ನ ಪಠ್ಯಪುಸ್ತಕಗಳಿಗಿಂತ ಹಳೆಯದಾದ ಪುಸ್ತಕ ಒಂದೂ ಇಲ್ಲ. ಆ ಮನೆಯಿಂದ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾನೇ ಮೊದಲಿಗ.

ಹೀಗಿರಲು, ಕಳೆದ ವರ್ಷ ಇತಿಹಾಸದ ಪಾಠದ ನಡುವೆ ನಮ್ಮ ಗುರುಗಳು ಒಂದು ಮಾತನ್ನು ಹೇಳಿದರು. ಹತ್ತೊಂಬತ್ತನೆಯ ಶತಮಾನದ ಆದಿಭಾಗದ ಭೂಪಟಗಳು, ಚಿತ್ರಗಳು, ಸಂಗೀತದ ಹಾಳೆಗಳು ಈಗ ಡಿಜಿಟಲ್ ಗ್ರಂಥಾಲಯಗಳಲ್ಲಿ ದೊರೆಯುತ್ತವೆ. ಅವುಗಳಲ್ಲಿ ಬಹುಪಾಲನ್ನು ಯಾರು ಬೇಕಾದರೂ ಕಾಸು ಕೊಡದೆ ನೋಡಬಹುದು ಎಂದರು. ಆ ಮಾತಿನ ಬೆನ್ನು ಹತ್ತಿ ಹೋದ ನಾನು ಕಂಡುದನ್ನೂ, ಹುಡುಕಿ ಕಾಣದೆ ಹೋದುದನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಡಿಜಿಟಲ್ ಗ್ರಂಥಾಲಯವೆಂದರೇನು? ಹಳೆಯ ಹಾಳೆಯೊಂದರ ಛಾಯೆಯನ್ನು ತೆಗೆದು, ಅದಕ್ಕೊಂದು ಹೆಸರು, ಕರ್ತೃ, ಕಾಲ, ಸ್ಥಳ ಎಂಬ ವಿವರಗಳನ್ನು ಬರೆದು ಸೂಚಿಯಲ್ಲಿ ಸೇರಿಸಿ, ಅಂತರಜಾಲದಲ್ಲಿ ಇರಿಸಿದ ಭಂಡಾರ. ಇದರಲ್ಲಿ ಛಾಯೆಗಿರುವಷ್ಟೇ ಮಹತ್ವ ಸೂಚಿಗೂ ಇದೆ. ಸಾಮಾನ್ಯ ಗ್ರಂಥಾಲಯದಲ್ಲಿ ಕಪಾಟಿನ ಮುಂದೆ ನಿಂತು ಕೈಗೆ ಸಿಕ್ಕಿದ ಪುಸ್ತಕವನ್ನು ತೆಗೆದು ನೋಡಬಹುದು. ಇಲ್ಲಿಯಾದರೋ ನಾವು ಬರೆದ ಹೆಸರೂ ಸೂಚಿಯಲ್ಲಿರುವ ಹೆಸರೂ ಒಂದಾದರೆ ಮಾತ್ರ ಬಾಗಿಲು ತೆರೆಯುವುದು. ನನ್ನ ಮೊದಲನೆಯ ಪಾಠವು ಇಲ್ಲಿಂದಲೇ ಆರಂಭವಾಯಿತು.

ನಾನು ಮೊದಲು 'ಗಂಗೊಳ್ಳಿ' ಎಂದು ಕನ್ನಡದಲ್ಲಿ ಬರೆದು ಹುಡುಕಿದೆ, ಹಳೆಯದೇನೂ ಸಿಗಲಿಲ್ಲ. ಇಂಗ್ಲಿಷಿನಲ್ಲಿ ನಮ್ಮ ಬಸ್ಸಿನ ಫಲಕದಲ್ಲಿರುವಂತೆ ಬರೆದೆ, ಆಗಲೂ ಹಾಗೆಯೇ. ನಮ್ಮ ಊರು ಯಾರ ಕಣ್ಣಿಗೂ ಬಿದ್ದಿರಲಿಲ್ಲವೇನೋ ಎಂದು ಖಿನ್ನನಾದೆ. ಆದರೆ ದೋಷವು ಊರಿನದಲ್ಲ, ಹೆಸರಿನದು ಎಂಬುದು ಕ್ರಮೇಣ ತಿಳಿಯಿತು. ಪೋರ್ಚುಗೀಸರ ಬರೆಹಗಳಲ್ಲಿ ಗಂಗೊಳ್ಳಿಯು 'ಕಂಬೋಲಿಂ' ಆಗಿದೆ. ನಮ್ಮ ಬಸರೂರು 'ಬಾರ್ಸೆಲೋರ್', ಬಾರಕೂರು 'ಬಾಕನೋರ್', ಹೊನ್ನಾವರ 'ಓನೋರ್'. ನಮ್ಮ ದೋಣಿಯವರಿಗೆ ಚಿರಪರಿಚಿತವಾದ ನೇತ್ರಾಣಿ ದ್ವೀಪವನ್ನು ಇಂಗ್ಲಿಷ್ ನಾವಿಕರು 'ಪಾರಿವಾಳದ ದ್ವೀಪ' ಎಂಬರ್ಥದ ಹೆಸರಿನಿಂದ ಕರೆದರು. ಕುಂದಾಪುರವಂತೂ ಬರೆದವರ ಕಿವಿಗೆ ತಕ್ಕಂತೆ ಹಲವು ವೇಷಗಳನ್ನು ಧರಿಸಿದೆ. ಈ ಹೆಸರುಗಳನ್ನು ಕಲಿತ ಮೇಲೆ ಭಂಡಾರದ ಬಾಗಿಲು ಒಂದೊಂದಾಗಿ ತೆರೆಯತೊಡಗಿತು.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿಯೇ ನಮ್ಮ ಸೀಮೆಯ ಭೂಪಟಗಳು ಹೆಚ್ಚಲು ಕಾರಣವೇನು? ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಕೆನರಾ ಜಿಲ್ಲೆಯು ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾದನು. ಹೊಸದಾಗಿ ಬಂದ ನೆಲದಲ್ಲಿ ಏನು ಬೆಳೆಯುತ್ತದೆ, ಎಷ್ಟು ಕಂದಾಯ ಬರುತ್ತದೆ, ದಂಡು ಯಾವ ಹಾದಿಯಲ್ಲಿ ಹೋಗಬಹುದು ಎಂಬುದನ್ನು ಕಂಪೆನಿಯವರು ತಿಳಿಯಬೇಕಾಗಿತ್ತು. ಈ ಕಾರ್ಯಕ್ಕಾಗಿ ಕಳುಹಿಸಲ್ಪಟ್ಟವರಲ್ಲಿ ವೈದ್ಯನಾದ ಫ್ರಾನ್ಸಿಸ್ ಬುಕಾನನ್ ಒಬ್ಬನು. ೧೮೦೦ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟ ಈತನು ೧೮೦೧ರ ಆರಂಭದಲ್ಲಿ ಮಂಗಳೂರಿನಿಂದ ಬಡಗಲಾಗಿ ಉಡುಪಿ, ಕುಂದಾಪುರ, ಬೈಂದೂರುಗಳ ಮಾರ್ಗವಾಗಿ ಸಾಗಿದನು. ಅವನ ಪ್ರವಾಸಗ್ರಂಥವು ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ, ಒಂದು ಭೂಪಟ ಹಾಗೂ ಅನೇಕ ಚಿತ್ರಗಳ ಸಹಿತ ಅಚ್ಚಾಯಿತು. ಇಂದು ಅದನ್ನು ಇಂಟರ್‌ನೆಟ್ ಆರ್ಕೈವಿನಲ್ಲಿ ಯಾರೂ ಓದಬಹುದು. ನಾನು ಗಂಗೊಳ್ಳಿಯ ದೋಣಿಗಟ್ಟೆಯಲ್ಲಿ ಕುಳಿತು ಮೊಬೈಲಿನಲ್ಲಿ ಅದನ್ನು ಓದಿದೆನೆಂಬುದು ನನಗೆ ಈಗಲೂ ಸೋಜಿಗ.

ಅದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ೧೮೦೨ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ನೆಲದ ಮೇಲೊಂದು ಆಧಾರರೇಖೆಯನ್ನು ಅಳೆದನು. ತ್ರಿಕೋನದ ಒಂದು ಬಾಹುವಿನ ಉದ್ದವೂ ಎರಡು ಕೋನಗಳೂ ಗೊತ್ತಾದರೆ ಉಳಿದೆರಡು ಬಾಹುಗಳನ್ನು ಗಣಿತದಿಂದಲೇ ತಿಳಿಯಬಹುದೆಂದು ನಾವು ಪ್ರೌಢಶಾಲೆಯಲ್ಲಿ ಕಲಿತಿದ್ದೇವಷ್ಟೆ. ಅದೇ ಸೂತ್ರದಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಅವನು ಬೆಂಗಳೂರಿನ ಮೇಲೆ ಮಂಗಳೂರಿನ ಕಡಲತೀರದವರೆಗೆ ಬಂದನು. ಹಿಂದಿನ ಭೂಪಟಗಳು ಮದರಾಸಿಗೂ ಮಂಗಳೂರಿಗೂ ನಡುವೆ ಸುಮಾರು ೪೦೦ ಮೈಲಿ ಎನ್ನುತ್ತಿದ್ದವು. ಅಳತೆಯಿಂದ ೩೬೦ ಮೈಲಿ ಎಂದು ತಿಳಿಯಿತು. ಇಂತಹ ಅಳತೆಗಳ ಆಧಾರದಿಂದ ಆ್ಯರನ್ ಆ್ಯರೋಸ್ಮಿತ್ ೧೮೨೨ರಲ್ಲಿ ದಕ್ಷಿಣ ಭಾರತದ ಭೂಪಟಸಂಪುಟವನ್ನು ಹೊರತಂದನು. ೧೮೨೭ರಿಂದ ಒಂದಂಗುಲಕ್ಕೆ ನಾಲ್ಕು ಮೈಲಿಯ ಪ್ರಮಾಣದ 'ಇಂಡಿಯನ್ ಅಟ್ಲಾಸ್' ಹಾಳೆಗಳು ಹೊರಡತೊಡಗಿದವು. ಅಮೆರಿಕದ ಡೇವಿಡ್ ರಮ್ಸೇ ಭೂಪಟ ಸಂಗ್ರಹವು ಇಂತಹ ಹಳೆಯ ಪಟಗಳನ್ನು ಸಾವಿರಗಟ್ಟಲೆಯಾಗಿ ತೆರೆದಿಟ್ಟಿದೆ. ಬೆರಳಿನಿಂದ ಹಿಗ್ಗಿಸಿದರೆ ಒಂದೊಂದು ಅಕ್ಷರವೂ ಕಾಣುತ್ತದೆ.

ಇಂತಹದೊಂದು ಪಟದಲ್ಲಿ ಕುಂದಾಪುರದ ಬಳಿಯ ಕರಾವಳಿಯನ್ನು ಹಿಗ್ಗಿಸಿ ಅಪ್ಪಯ್ಯನಿಗೆ ತೋರಿಸಿದೆ. ಅಪ್ಪಯ್ಯ ಓದಿದವರಲ್ಲ, ನಲವತ್ತು ವರ್ಷ ಕಡಲಿಗೆ ಹೋದವರು. ಸ್ವಲ್ಪ ಹೊತ್ತು ನೋಡಿ, "ಇದ್ ನಮ್ ಅಳ್ವಿಯೇ ಹೌದ್ ಮಗಾ. ಆರೆ ಹೊಯ್ಗಿ ದಿಬ್ಬ ಎಲ್ಲಿತ್ತ್? ಅದ್ ಕಾಣ್ದೆ ದೋಣಿ ಬಿಡುಕ್ ಆತ್ತಾ?" ಎಂದರು.

ಈ ಒಂದು ಪ್ರಶ್ನೆಯು ನನಗೆ ಪುಸ್ತಕದಲ್ಲಿ ಸಿಗದ ಪಾಠವಾಯಿತು. ಒಂದಂಗುಲಕ್ಕೆ ನಾಲ್ಕು ಮೈಲಿಯೆಂದರೆ ನೆಲದ ಮೇಲಿನ ಒಂದು ಕಿಲೋಮೀಟರು ಹಾಳೆಯ ಮೇಲೆ ನಾಲ್ಕು ಮಿಲಿಮೀಟರಿಗಿಂತ ಹೆಚ್ಚಾಗದು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕಗಳೆಂಬ ಐದು ನದಿಗಳು ಕೂಡಿ ಕಡಲನ್ನು ಸೇರುವ ನಮ್ಮ ಪಂಚಗಂಗಾವಳಿಯ ಅಳಿವೆಯು ಅಲ್ಲಿ ಒಂದು ಉಗುರಿನ ತುದಿಯಷ್ಟು. ದೋಣಿಯಲ್ಲಿ ದಾಟಿದರೆ ಕುಂದಾಪುರವು ಎದುರು ದಡ. ರಸ್ತೆಯಲ್ಲಿ ತ್ರಾಸಿಯ ಮೇಲೆ ಸುತ್ತಿ ಬಂದರೆ ಹದಿನೈದು ಕಿಲೋಮೀಟರಿನ ಆಸುಪಾಸು. ನೆಲದ ಕಂದಾಯಕ್ಕೂ ದಂಡಿನ ದಾರಿಗೂ ಬರೆದ ಪಟದಲ್ಲಿ ನೀರಿನಡಿಯ ಮರಳಿಗೆ ಸ್ಥಳವಿಲ್ಲ. ಭೂಪಟವು ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಬರೆಸಿದವನಿಗೆ ಬೇಕಾದುದನ್ನು ಮಾತ್ರ ಹೇಳುತ್ತದೆ. ದೋಣಿ ಬಿಡುವವನಿಗೆ ಬೇಕಾದುದು ಅಪ್ಪಯ್ಯನಂತಹವರ ತಲೆಯಲ್ಲಿಯೇ ಉಳಿದಿದೆ.

ಇನ್ನು ಚಿತ್ರಕಲೆಯ ವಿಷಯ. ಕಾಲಿನ್ ಮೆಕೆಂಜಿಯ ಹೆಸರನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲರೂ ಕೇಳಿರುವರು. ಮೈಸೂರು ಸೀಮೆಯ ಮೋಜಣಿಯನ್ನು ನಡೆಸಿದ ಈತನು ೧೮೧೫ರಲ್ಲಿ ಇಡೀ ಭಾರತದ ಸರ್ವೇಯರ್ ಜನರಲ್ ಆದನು. ಅವನೂ ಅವನ ಸಹಾಯಕರೂ ಊರೂರು ತಿರುಗಿ ಶಾಸನಗಳ ಪ್ರತಿಗಳನ್ನು, ಕೈಫಿಯತ್ತುಗಳನ್ನು, ಓಲೆಗರಿಗಳನ್ನು, ಹಂಪೆಯೇ ಮೊದಲಾದ ಸ್ಥಳಗಳ ಚಿತ್ರಗಳನ್ನು ಕೂಡಿಸಿದರು. ಅವನು ೧೮೨೧ರಲ್ಲಿ ತೀರಿಕೊಂಡ ಮೇಲೆ ಆ ಸಂಗ್ರಹವು ಹಂಚಿಹೋಗಿ ಒಂದು ಪಾಲು ಲಂಡನ್ನಿಗೂ ಒಂದು ಪಾಲು ಮದರಾಸಿಗೂ ಸೇರಿತು. ಕನ್ನಡದ ಕೈಫಿಯತ್ತುಗಳನ್ನು ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ೧೯೯೪ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ನಮಗೆ ಒದಗಿಸಿದರು.

ಈ ಮೆಕೆಂಜಿಯ ಭಾವಚಿತ್ರವೊಂದನ್ನು ೧೮೧೬ರಲ್ಲಿ ಥಾಮಸ್ ಹಿಕ್ಕಿ ಎಂಬ ಐರಿಷ್ ಚಿತ್ರಕಾರನು ಬರೆದನು. ಅದು ಈಗ ಬ್ರಿಟಿಷ್ ಲೈಬ್ರರಿಯ ಸಂಗ್ರಹದಲ್ಲಿದೆ. ಕೆಂಪು ಅಂಗಿಯ ಮೆಕೆಂಜಿಯು ನಡುವೆ ನಿಂತಿದ್ದಾನೆ. ಸುತ್ತ ಮೂವರು ಭಾರತೀಯರು. ಒಬ್ಬನ ಕೈಯಲ್ಲಿ ಓಲೆಗರಿ, ಇನ್ನೊಬ್ಬನ ಕೈಯಲ್ಲಿ ದೂರದರ್ಶಕ. ಓಲೆಗರಿಯವನು ಧರ್ಮಯ್ಯನೆಂಬ ಜೈನ ಪಂಡಿತನೆಂದು ವಿದ್ವಾಂಸರು ಗುರುತಿಸಿದ್ದಾರೆ. ಹಿನ್ನೆಲೆಯಲ್ಲಿ ದೂರದ ಗುಡ್ಡದ ಮೇಲೆ ನಿಂತಿರುವ ವಿಗ್ರಹವಾವುದು? ಸೂಚಿಯನ್ನು ಓದಿದಾಗ ನನಗೆ ರೋಮಾಂಚನವಾಯಿತು: ಅದು ೧೪೩೨ರಲ್ಲಿ ಸ್ಥಾಪಿತವಾದ, ನಮ್ಮ ಉಡುಪಿ ಜಿಲ್ಲೆಯದೇ ಆದ ಕಾರ್ಕಳದ ಗೊಮ್ಮಟ! ನಾವು ಶಾಲೆಯ ಪ್ರವಾಸದಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿದ ಗೊಮ್ಮಟನು ಇನ್ನೂರು ವರ್ಷಗಳ ಹಿಂದೆಯೇ ಚಿತ್ರಪಟದೊಳಗೆ ಸೇರಿ ಸಮುದ್ರವನ್ನು ದಾಟಿದ್ದನು. ಮೆಕೆಂಜಿಗೆ ಕನ್ನಡವಾಗಲಿ ಸಂಸ್ಕೃತವಾಗಲಿ ಬರುತ್ತಿರಲಿಲ್ಲ. ಓಲೆಯನ್ನು ಓದಿದವನು, ಅರ್ಥವನ್ನು ಹೇಳಿದವನು ಧರ್ಮಯ್ಯ. ಆದರೂ ಚಿತ್ರಕ್ಕೆ ಮೆಕೆಂಜಿಯದೇ ಹೆಸರು. ಹೆಸರಿನ ಪ್ರಶ್ನೆಯು ಇಲ್ಲಿಯೂ ಬಂದಿತೆಂಬುದನ್ನು ವಾಚಕರು ಗಮನಿಸಬೇಕು.

ಮೂರನೆಯದು ಸಂಗೀತ. ಪಾಶ್ಚಾತ್ಯರು ಆ ಕಾಲಕ್ಕಾಗಲೇ ಹಾಡುಗಳನ್ನು ಸ್ವರಲಿಪಿಯ ಸಮೇತ ಅಚ್ಚುಹಾಕಿ ಬಿಡಿಹಾಳೆಗಳಾಗಿ ಮಾರುತ್ತಿದ್ದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಲೆಸ್ಟರ್ ಲೆವಿ ಸಂಗ್ರಹದಲ್ಲಿ ೧೭೮೦ರಿಂದ ಈಚಿನ ಇಂತಹ ೨೯,೦೦೦ಕ್ಕೂ ಮಿಕ್ಕಿದ ಹಾಡಿನ ಹಾಳೆಗಳಿವೆ. ಸ್ವರಲಿಪಿ ಬಲ್ಲವನು ಅವನ್ನು ಇಂದೂ ಬಾರಿಸಬಹುದು. ನಮ್ಮಲ್ಲಿ ಮುತ್ತುಸ್ವಾಮಿ ದೀಕ್ಷಿತರು (೧೭೭೫–೧೮೩೫) ಕಂಪೆನಿಯ ಬ್ಯಾಂಡಿನವರ ಮಟ್ಟುಗಳನ್ನು ಕೇಳಿ, ಆಂಗ್ಲರ ರಾಷ್ಟ್ರಗೀತೆಯ ಮಟ್ಟಿಗೂ ಸೇರಿದಂತೆ, ಸಂಸ್ಕೃತ ಸಾಹಿತ್ಯವನ್ನು ರಚಿಸಿದರು; ಇವೇ ನೋಟುಸ್ವರಗಳು. ಆದರೆ ದೀಕ್ಷಿತರ ಕೃತಿಗಳು ಸ್ವರಸಹಿತವಾಗಿ ದೊಡ್ಡ ಪ್ರಮಾಣದಲ್ಲಿ ಅಚ್ಚಾದುದು ೧೯೦೪ರಲ್ಲಿ, ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯಲ್ಲಿ. ಅಲ್ಲಿಯವರೆಗೂ ಅವನ್ನು ಕಾಪಾಡಿದುದು ಶಿಷ್ಯಪರಂಪರೆಯ ಕಂಠ.

ನಮ್ಮ ಕರಾವಳಿಯ ಸಂಗತಿಯೂ ಇದೇ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿಗೆ ಸೇರಿದ ಹರ್ಮನ್ ಮೊಗ್ಲಿಂಗ್ ಎಂಬವರು ೧೮೫೦ರಲ್ಲಿ ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದರು. ಮಿಶನ್ನಿನವರ ಅನೇಕ ಕನ್ನಡ, ತುಳು, ಮಲಯಾಳ ಪುಸ್ತಕಗಳು ಈಗ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗುಂಡರ್ಟ್ ಸಂಗ್ರಹದಲ್ಲಿ, ೨೦೧೮ರಿಂದ, ಎಲ್ಲರಿಗೂ ತೆರೆದಿವೆ. ಯಕ್ಷಗಾನದ ಹಳೆಯ ಪ್ರಸಂಗಗಳನ್ನು ಅಭಿಮಾನಿಗಳು ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. ಆದರೆ ಓಲೆಗರಿಯ ಪ್ರಸಂಗದಲ್ಲಿ ಇರುವುದೇನು? ಪದ್ಯ, ಅದರ ತಲೆಯ ಮೇಲೆ ರಾಗದ ಹೆಸರು, ತಾಳದ ಹೆಸರು. ಅಷ್ಟೇ. ಅದು ಹೇಗೆ ಏಳಬೇಕು, ಎಲ್ಲಿ ಇಳಿಯಬೇಕು ಎಂಬುದು ಭಾಗವತರ ಕಂಠದಲ್ಲಿದೆ. ಮಾತು ಭಂಡಾರವನ್ನು ಸೇರಿದೆ, ಮಟ್ಟು ಸೇರಿಲ್ಲ. ನವರಾತ್ರಿಯಲ್ಲಿ ಮಕ್ಕಳು ಮನೆಮನೆಗೆ ಒಯ್ಯುವ ಹೂವಿನಕೋಲು, ಹೋಳಿಯಲ್ಲಿ ಖಾರ್ವಿ ಬಂಧುಗಳ ಗುಮಟೆಯ ಹಾಡು, ಮದುವೆಯ ಮನೆಯ ಶೋಭಾನೆ ಇವುಗಳ ಇನ್ನೂರು ವರ್ಷಗಳ ಹಿಂದಿನ ಧ್ವನಿಯನ್ನು ಯಾವ ಹಾಳೆಯೂ ಹಿಡಿದಿಟ್ಟಿಲ್ಲ.

ಇದನ್ನು ಅರಿತ ಮೇಲೆ ನಾನು ನಮ್ಮ ಅಮ್ಮಮ್ಮನ ಬಳಿ ಕುಳಿತು ಅವರು ಬಲ್ಲ ಶೋಭಾನೆಗಳನ್ನು ಮೊಬೈಲಿನಲ್ಲಿ ಹಿಡಿದಿಡಲು ಯತ್ನಿಸಿದೆ. ನಾಲ್ಕು ಹಾಡುಗಳು ಪೂರ್ತಿಯಾದವು. ಐದನೆಯದರ ನಡುವೆ ನಿಲ್ಲಿಸಿ, "ಮುಂದಿಂದ್ ನನ್ ತಂಗಿಗ್ ಗೊತ್ತಿತ್ತ್ ಮಗಾ" ಎಂದರು. ಆ ಚಿಕ್ಕಜ್ಜಿ ತೀರಿಕೊಂಡು ಮೂರು ವರ್ಷವಾಯಿತು. ಲಂಡನ್ನಿನಲ್ಲಿರುವುದು ಇಂದಲ್ಲ ನಾಳೆ ನಮಗೆ ಸಿಕ್ಕೀತು. ಆ ಹಾಡಿನ ಉಳಿದರ್ಧವು ಇನ್ನೆಲ್ಲಿಯೂ ಸಿಗದು.

ಡಿಜಿಟಲ್ ಭಂಡಾರಗಳೂ ಶಾಶ್ವತವೆಂದು ಭಾವಿಸಲಾಗದು. ೨೦೨೩ರ ಅಕ್ಟೋಬರಿನಲ್ಲಿ ದುಷ್ಕರ್ಮಿಗಳು ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರುಗಳ ಮೇಲೆ ದಾಳಿ ಮಾಡಿದಾಗ ಅದರ ಸಂಗ್ರಹಗಳು ಅನೇಕ ತಿಂಗಳು ಅಂತರಜಾಲದಲ್ಲಿ ಓದುಗರಿಗೆ ದೊರೆಯದೆ ಹೋದವು. ಒಂದೇ ಕಡೆ ಇರುವುದು ಒಂದೇ ಏಟಿಗೆ ಮರೆಯಾಗಬಹುದು. ಆದುದರಿಂದ ನಮಗೆ ಬೇಕಾದುದರ ಪ್ರತಿಯನ್ನು, ನಿಯಮಗಳು ಒಪ್ಪುವ ಮಟ್ಟಿಗೆ, ನಮ್ಮ ಬಳಿಯೂ ಇರಿಸಿಕೊಳ್ಳುವುದು ಲೇಸು.

ಹಾಗಾದರೆ ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯವೇನು? ನನ್ನ ಅಲ್ಪಮತಿಗೆ ತೋಚಿದುದು ಎರಡು. ಮೊದಲನೆಯದು, ನಮ್ಮ ಮೂರು ತಾಲೂಕುಗಳ ಊರು, ಹೊಳೆ, ಬೆಟ್ಟ, ದ್ವೀಪಗಳ ಇಂದಿನ ಹೆಸರನ್ನೂ ಹಳೆಯ ಪಟಗಳಲ್ಲಿನ ಹೆಸರನ್ನೂ ಎದುರುಬದುರಾಗಿ ಬರೆದು ಒಂದು ಪಟ್ಟಿಯನ್ನು ಸಿದ್ಧಪಡಿಸುವುದು. ನಾನು ತಿಂಗಳುಗಟ್ಟಲೆ ಬಾಗಿಲು ಬಡಿದಂತೆ ಮುಂದಿನವರು ಬಡಿಯಬೇಕಾಗಿಲ್ಲ. ಎರಡನೆಯದು, ರಜೆಯಲ್ಲಿ ಮನೆಗೆ ಹೋದಾಗ ಹಿರಿಯರ ಒಂದೊಂದು ಹಾಡನ್ನು, ಅವರ ಒಪ್ಪಿಗೆ ಪಡೆದು, ಹಾಡಿದವರ ಹೆಸರು, ಊರು, ದಿನಾಂಕಗಳೊಂದಿಗೆ ಹಿಡಿದಿಟ್ಟು ಕಾಲೇಜಿನ ಗ್ರಂಥಾಲಯಕ್ಕೆ ಒಪ್ಪಿಸುವುದು. ಧರ್ಮಯ್ಯನ ಹೆಸರನ್ನು ವಿದ್ವಾಂಸರು ಹುಡುಕಿ ಹೇಳಬೇಕಾಯಿತು. ನಮ್ಮ ಅಮ್ಮಮ್ಮಂದಿರಿಗೆ ಹಾಗಾಗಬಾರದು. ಇದಕ್ಕೆ ಹಣ ಬೇಡ, ದೊಡ್ಡ ಪಾಂಡಿತ್ಯವೂ ಬೇಡ.

ಅನ್ಯರು ಬರೆದಿಟ್ಟ ನಮ್ಮ ಊರಿನ ಪಟವನ್ನು ನಾವು ಕೃತಜ್ಞತೆಯಿಂದಲೇ ನೋಡೋಣ. ಆದರೆ ಅದರಲ್ಲಿ ಬಿಟ್ಟುಹೋದ ಮರಳದಿಬ್ಬವನ್ನು ತುಂಬಬೇಕಾದವರು ಅಳಿವೆಯನ್ನು ಬಲ್ಲ ನಾವೇ. ಈ ದಿಕ್ಕಿನಲ್ಲಿ ಗುರುಹಿರಿಯರು ಮಾರ್ಗದರ್ಶನವನ್ನು ನೀಡಿ, ಸಹಪಾಠಿಗಳು ಕೈಜೋಡಿಸಿದರೆ ಈ ಸಣ್ಣ ಬರೆಹವು ಸಾರ್ಥಕವಾದೀತು. ಇದರಲ್ಲಿ ತಪ್ಪುಗಳು ಕಂಡುಬಂದರೆ ಬಲ್ಲವರು ತಿದ್ದಬೇಕೆಂದು ಪ್ರಾರ್ಥನೆ.